ಒಂದು ತಟ್ಟೆ ಹೆಚ್ಚು

ಸೀಮೆಸುಣ್ಣದ ಡಬ್ಬಿ ನನ್ನ ಕೈಲಿ,
ಪವಿತ್ರ ಜಲ ಹುಡುಗ ಕಾಯೆತಾನನ ಕೈಲಿ.
ಉಪ್ಪು ಬೆರೆಸಿದ್ದೇವೆ, ಆದರೂ ಹೆಪ್ಪುಗಟ್ಟುತ್ತದೆ
ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವಷ್ಟರಲ್ಲಿ.
ಮುಂದೆ ಫಾದರ್ ಸಿಪ್ರಿಯಾನ್, ಮೊಣಕಾಲುದ್ದ ಹಿಮ ತುಳಿಯುತ್ತ,
ಕಂಕುಳಲ್ಲಿ ಮನೆಮನೆಯ ಕಾರ್ಡುಗಳ ಪೆಟ್ಟಿಗೆ:
ಯಾರಿಗೆ ಮದುವೆಯಾಯಿತು, ಯಾರು ಪೂಜೆಗೆ ಬರುವುದಿಲ್ಲ,
ಯಾರ ನಾಯಿ ಕಚ್ಚುತ್ತದೆ.

ಪೋಲೆಂಡಿನ ಈ ಮೂಲೆಯಲ್ಲಿ ಜನವರಿ ಎಂದರೆ ಇದೇ.
ಬಾಗಿಲ ನೆತ್ತಿಗೆ ಮೂವರು ಜ್ಞಾನಿಗಳ ಹೆಸರಿನ ಮೂರಕ್ಷರ
ನಾನು ಬರೆಯಬೇಕು.
ಮೂವತ್ತೊಂದು ಚಳಿಗಾಲ ಬರೆದಿದ್ದೇನೆ.
ನನ್ನ ಅಕ್ಷರ ಈಗಲೂ ಸೊಟ್ಟ.

ಗೆನೊವೆಫಾಳ ಮನೆ ಸರೋವರದ ಬದಿಗೆ, ಕೊನೆಯದು.
ಅಲ್ಲಿ ಏನಾಯಿತೆಂದು ಇಡೀ ಧರ್ಮಕೇಂದ್ರಕ್ಕೆ ಗೊತ್ತು.
ಫಾದರ್‌ಗೂ ಗೊತ್ತು; ಆದರೂ ಏನೂ ಕೇಳಿರದವರ ಮುಖ ಮಾಡಿಕೊಂಡು
ಹೊಸ್ತಿಲು ದಾಟಿದರು.

ನಮ್ಮಲ್ಲಿ ಕ್ರಿಸ್ಮಸ್ಸಿನ ಹಿಂದಿನ ಸಂಜೆ, ಮೊದಲ ನಕ್ಷತ್ರ ಕಂಡಮೇಲೆ
ಮೇಜಿನ ಬಟ್ಟೆಯಡಿ ಹಿಡಿ ಹುಲ್ಲು ಹಾಸಿ
ಉಣ್ಣುವವರಿಗಿಂತ ಒಂದು ತಟ್ಟೆ ಹೆಚ್ಚಿಡುತ್ತೇವೆ,
ಬರಬಹುದಾದ ಅತಿಥಿಗೆ.
ಯಾರೂ ಬರುವುದಿಲ್ಲ.
ನಾನೂ ಇಡುತ್ತೇನೆ; ಬೆಳಿಗ್ಗೆ ಅದರಲ್ಲೇ ಬೆಕ್ಕಿಗೆ ಹಾಲು.

ಗೆನೊವೆಫಾಳ ತಟ್ಟೆ ಬೇರೆ.
ಅಂಚಿಗೆ ನೀಲಿ ಗೀಟು, ಒಂದು ಕಡೆ ಚಕ್ಕೆ ಎದ್ದಿದೆ.
ಅವಳು ಮಗಳ ಬಾಣಂತನಕ್ಕೆ ಹೋಗಿದ್ದ ವಾರ
ಗಂಡ ಲುಡ್ವಿಕ್ ಹೆಪ್ಪುಗಟ್ಟಿದ ನೀರಿನ ಮೇಲೆ ಮೀನಿಗೆ ಹೋದ.
ಸೋಮವಾರವೋ, ಗುರುವಾರವೋ, ಕಂಡವರಿಲ್ಲ.
ಬೇಸಿಗೆಯಲ್ಲೂ ಸರೋವರ ಅವನನ್ನು ವಾಪಸು ಕೊಡಲಿಲ್ಲ.
ಹೋದ ದಿನ ಗೊತ್ತಿಲ್ಲದವನಿಗೆ ಯಾವ ತಿಥಿ?
ತಿಥಿಯಿಲ್ಲದವನು, ಹಾಗಾದರೆ, ಅತಿಥಿ.
ಹೀಗೆ ಅವಳು ಲೆಕ್ಕ ಹೊಂದಿಸಿಕೊಂಡಿದ್ದಳು.

ಈ ಸಲ ಬಾಗಿಲು ಬಡಿದ ಸದ್ದು.
ಹಿಮ ತೆಗೆಯುವ ಗಾಡಿಯ ಗ್ರಾತ್ಸ್ಯನ್.
ಗಾಡಿ ಚರಂಡಿಗೆ ಇಳಿದಿದೆ, ಫೋನು ಸತ್ತಿದೆ,
ಬೂಟು ಬಿಚ್ಚಲೋ ಬೇಡವೋ ಎಂದು ನಿಂತೇ ಇದ್ದಾನೆ.
ಇಗರ್ಜಿಯ ಮುಖ ನೋಡಿ ಹನ್ನೆರಡು ವರ್ಷ.
"ಕೂತುಕೊ" ಅಂದಳು.
ಅಂದಮೇಲೆ, ಎಲ್ಲಿ ಕೂರಬೇಕು?
ಖಾಲಿ ಇದ್ದದ್ದು ಒಂದೇ ಕುರ್ಚಿ.

ಸೌಟು ಹಿಡಿದ ಕೈ ಗಾಳಿಯಲ್ಲೇ ನಿಂತಿತಂತೆ.
ಬೀಟ್‌ರೂಟ್ ಸಾರು ತೊಟ್ಟಿಕ್ಕಿ ಬಿಳಿ ಬಟ್ಟೆಯ ಮೇಲೆ ಕಲೆ.
ಇಪ್ಪತ್ತು ವರ್ಷ ಅತಿಥಿಗೆಂದು ಇಟ್ಟು
ಅತಿಥಿ ಬಂದಾಗ ಅವಳಿಗೆ ಅನಿಸಿದ್ದು
(ಫಾದರ್ ಎದುರೇ ಹೇಳಿದಳು)
ಎದ್ದು ಹೋಗಲಿ ಇವನು.

ಆಮೇಲೆ ಬಡಿಸಿದಳು.
ಅವನು ಮೂರು ಸಲ ಸಾರು ಹಾಕಿಸಿಕೊಂಡ,
ಗಸಗಸೆ ಶಾವಿಗೆಗೆ ಮೂಗು ಮುರಿದ,
ಮಾಂಸ ಇಲ್ಲವಾ ಎಂದು ಕೇಳಿದ, ಉಪವಾಸದ ರಾತ್ರಿ!
ಕಾಗದದಷ್ಟು ತೆಳು ಅಪ್ಪ ಮುರಿದು ಕೈಗಿಟ್ಟರೆ
ಹಾರೈಕೆಯ ಮಾತು ನೆನಪಾಗದೆ ತಡವರಿಸಿ
"ಹ್ಞಾಂ… ದಾರಿ ತೆರೆದಿರಲಿ" ಅಂದನಂತೆ.
ಹೋಗುವ ಮುಂಚೆ ತಟ್ಟೆ ತಾನೇ ತೊಳೆದಿಟ್ಟ.
ಅಲ್ಲಿಯತನಕ ಅದನ್ನು ಅವಳು
ಧೂಳು ಒರೆಸಿಡುತ್ತಿದ್ದಳಷ್ಟೆ.

ಫಾದರ್ ಪೆನ್ನಿಗೆ ಉಸಿರೂದಿ ಬಿಸಿ ಮಾಡಿ ಕೇಳಿದರು:
"ಮನೆಯಲ್ಲಿ ಎಷ್ಟು ಜನ?"
ಪ್ರತಿ ವರ್ಷ ಅವಳದು ಒಂದೇ ಉತ್ತರ,
ನಾನೊಬ್ಬಳು, ಇನ್ನೊಬ್ಬರು ಬರಬೇಕು.
ಅವರು ಒಂದು ಎಂದು ಬರೆದು, ಪಕ್ಕಕ್ಕೊಂದು ಚುಕ್ಕೆ ಇಡುತ್ತಿದ್ದರು.
ಈ ಸಲ ಅವಳು "ಟೀ ಕುದೀತಿದೆ" ಎಂದು ಒಳಗೆ ಹೋದಳು.
ಫಾದರ್ ಪೆನ್ನು ಹಿಡಿದು ಕೂತೇ ಇದ್ದರು.

ನಾನು ಸ್ಟೂಲು ಹತ್ತಿ ಹೋದ ವರ್ಷದ ಅಕ್ಷರ ಒರೆಸಿದೆ.
ಎರಡನೆಯದು ಬರೆಯುವಾಗ ಸುಣ್ಣ ಮುರಿಯಿತು.
ಕೆಳಗೆ ಬಿದ್ದ ಚೂರು ಹುಡುಕಲು ಹೊರಗಿಣುಕಿದ ಕಾಯೆತಾನ್
"ನೋಡಿ" ಎಂದ.
ಸರ್ಕಾರದ ರಸ್ತೆ ಬಸ್ಸು ನಿಲ್ಲುವಲ್ಲಿಗೇ ಮುಗಿಯುತ್ತದೆ.
ಅಲ್ಲಿಂದ ಈ ಗೇಟಿನವರೆಗೆ, ಗಾಡಿಯಗಲ,
ಹಿಮ ಕೆರೆದು ಬದಿಗೆ ಒಟ್ಟಿತ್ತು.
ಬರುವಾಗ ನಾವು, ಚಳಿಗೆ ತಲೆ ತಗ್ಗಿಸಿದವರು,
ಕಾಲು ಹಗುರಾದದ್ದನ್ನೇ ಗಮನಿಸಿರಲಿಲ್ಲ.